ಮೂಲೆಮುರುಕನ ಮೇಲಿನ ಕೈ

ಅವಳ ಕೈ ಇಷ್ಟು ಚಿಕ್ಕದಿತ್ತೆ? ಇರಲಾರದು. ಇಪ್ಪತ್ಮೂರು ವರ್ಷ ಜೊತೆಗಿದ್ದ ಹೆಂಡತಿಯ ಕೈ, ಅದರ ಅಳತೆ ತನಗೆ ತಿಳಿಯದೆ ಹೋದೀತೆ? ಆದರೆ ತಾನು ಆ ಕೈ ಹಿಡಿದದ್ದಾದರೂ ಎಷ್ಟು ಸಲ? ರಸ್ತೆ ದಾಟುವಾಗ ತಾನು ಯಾವಾಗಲೂ ಎರಡು ಹೆಜ್ಜೆ ಮುಂದಿರುತ್ತಿದ್ದ. ಕೊನೆಗೆ ಆಸ್ಪತ್ರೆಯಲ್ಲಿ ಹಿಡಿದಾಗ ಅದು ಊದಿಕೊಂಡು ಬೇರೆ ಯಾರದೋ ಕೈಯಂತಾಗಿತ್ತು. ಇದೂ ಬೇರೆ ಯಾರದೋ ಇರಬಹುದು. ವರ್ಷಕ್ಕೆ ಅರವತ್ತು ಮಕ್ಕಳು ಬಂದು ಹೋಗುವ ಜಾಗ ಇದು.

ಅವನು ಸ್ಪಂಜನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಕಲ್ಲಿನ ಮೇಲೆ ಇನ್ನೊಮ್ಮೆ ಎಳೆದ. ಎದುರಿಗೆ ನಿಂತ ಹುಡುಗಿ ಶಾಯಿಯ ರೋಲರ್ ಉರುಳಿಸಿದಳು. ಒದ್ದೆ ಕಲ್ಲಿನ ಮೇಲೆ ಅವಳು ಬಿಡಿಸಿದ ಕಿಟಕಿ ಮೊದಲು ಕಪ್ಪಾಯಿತು, ಆಮೇಲೆ ಕಿಟಕಿಯ ಕೆಳಗಿನ ಖಾಲಿ ಮಂಚ. ಆಮೇಲೆ, ಮಂಚದ ಪಕ್ಕದ ಬಿಳಿ ಗೋಡೆಯ ಮೇಲೆ, ಯಾರೂ ಬಿಡಿಸದ ಒಂದು ಅಂಗೈ.

"ಮತ್ತೆ ಬಂತು," ಎಂದಳು ಹುಡುಗಿ. ಅವಳು ಏನು ಹೇಳಿದರೂ ಗುಟ್ಟು ಹೇಳಿದ ಹಾಗಿರುತ್ತಿತ್ತು; ಅದಕ್ಕೇ ತರಗತಿಯವರು ಅವಳನ್ನು ಪಿಸುಮಾತು ಎಂದು ಕರೆಯುತ್ತಿದ್ದರು. "ನಾನು ಮುಟ್ಟಿಲ್ಲ ಅಣ್ಣ. ಆಣೆ ಮಾಡ್ಲಾ?"

"ಆಣೆ ಬೇಡ. ಇನ್ನೊಂದು ಪ್ರೂಫ್ ತೆಗಿ."

ವಿಶ್ವವಿದ್ಯಾಲಯದ ಕಲಾಶಾಲೆಯ ಕಲ್ಲಚ್ಚಿನ ವರ್ಕ್‌ಶಾಪಿನಲ್ಲಿ ಅವನು ಡೆಮಾನ್‌ಸ್ಟ್ರೇಟರ್. ಏನು ಬಿಡಿಸಬೇಕು, ಯಾಕೆ ಬಿಡಿಸಬೇಕು ಎನ್ನುವುದು ಮೇಷ್ಟರುಗಳ ಪಾಡು. ಹೇಗೆ ಎಂದು ಮಾಡಿ ತೋರಿಸುವುದು ಅವನ ಕೆಲಸ. ಚಿತ್ರ ಚೆನ್ನಾಗಿದೆಯೇ ಎಂದು ಮಕ್ಕಳು ಕೇಳಿದರೆ, "ಶಾಯಿ ಸ್ವಲ್ಪ ಜಾಸ್ತಿಯಾಯ್ತು" ಎನ್ನುತ್ತಿದ್ದ, ಅಷ್ಟೆ. ಅವರು ಅವನನ್ನು ಕಲ್ಲಣ್ಣ ಎನ್ನುತ್ತಿದ್ದರು, ಎದುರಿಗೇ.

ಕಲ್ಲಚ್ಚಿನ ಕಲ್ಲಿಗೆ ಜಿಡ್ಡು ಮರೆಯುವುದಿಲ್ಲ. ಜಿಡ್ಡಿನ ಬಳಪದಿಂದ ಅದರ ಮೇಲೆ ಚಿತ್ರ ಬಿಡಿಸಿ, ಗೋಂದು ಬೆರೆಸಿದ ಆಸಿಡ್ಡು ಸವರಿ, ನೀರು ಹಾಯಿಸಿ ಶಾಯಿ ಉರುಳಿಸಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಸಾಣೆಪುಡಿ ಹಾಕಿ ಗಂಟೆಗಟ್ಟಲೆ ಉಜ್ಜಿ ಆ ಚಿತ್ರವನ್ನು ಅಳಿಸಿದರೆ ಕಲ್ಲು ಇನ್ನೊಬ್ಬರಿಗೆ ಹೊಸದು. ಹಾಗೆ ಉಜ್ಜಿಟ್ಟ ಕಲ್ಲಿಗೆ ಬರಿಗೈ ತಾಗಿದರೆ ಆಗ ಏನೂ ಕಾಣುವುದಿಲ್ಲ. ತಿಂಗಳುಗಳ ನಂತರ, ಬೇರೆ ಯಾರದೋ ಚಿತ್ರದ ನಡುವೆ, ಶಾಯಿ ಉರುಳಿಸಿದಾಗ ಅದು ಎದ್ದು ಬರುತ್ತದೆ. ಕಲ್ಲಿಗೆ ಕೈ ತಾಗಿಸಬೇಡಿ ಎಂದು ಅವನು ಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿದ್ದ.

ಸುದ್ದಿ ಹಬ್ಬಿ ತರಗತಿಯವರೆಲ್ಲ ಕಲ್ಲಿನ ಸುತ್ತ ಸೇರಿದರು.

"ಕಳ್ಳನ ಕೈ ಹುಡುಕೋಣ," ಎಂದ ಗಡ್ಡದ ಹುಡುಗ. "ಎಲ್ಲಾರೂ ಕೈ ಚಾಚ್ರಪ್ಪ. ಮುಟ್ಟಬೇಡಿ, ಮೇಲೆ ಹಿಡೀರಿ. ಮುಟ್ಟಿದ್ರೆ ಕಲ್ಲಣ್ಣ ನಮ್ಮನ್ನೇ ಉಜ್ಜಿಬಿಡ್ತಾರೆ."

ಒಬ್ಬೊಬ್ಬರೇ ಎಡಗೈಯನ್ನು ಕಲ್ಲಿನ ಮೇಲೆ ಗಾಳಿಯಲ್ಲಿ ಹಿಡಿದು ನೋಡಿದರು. ಒಬ್ಬರ ಬೆರಳು ಉದ್ದ, ಇನ್ನೊಬ್ಬರ ಅಂಗೈ ಅಗಲ.

"ನಿಂದೆಲ್ಲೋ ಗಡ್ಡ? ಜೇಬಲ್ಲಿ ಯಾಕೆ ಇಟ್ಕೊಂಡಿದ್ಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

"ನಂದು ಎಮ್ಮೆ ಗೊರಸು ಕಣೇ. ಇದು ನೋಡು, ಎಷ್ಟು ಚಿಕ್ಕದು. ಮತ್ತೆ ಈ ಕಿರುಬೆರಳು ಯಾಕೆ ಹಿಂಗಿದೆ?"

ಎಲ್ಲರೂ ಬಗ್ಗಿದರು. ನಾಲ್ಕು ಬೆರಳುಗಳೂ ನೆಟ್ಟಗೆ ಬಿದ್ದಿದ್ದವು. ಕಿರುಬೆರಳಿನ ಬುಡ ಮಾತ್ರ ಮೂಡಿತ್ತು. ಆಮೇಲೆ ಒಂದಿಷ್ಟು ಖಾಲಿ, ಆಮೇಲೆ ತುದಿಯದೊಂದು ಚುಕ್ಕೆ. ನಡುವಿನ ಗಿಣ್ಣು ಕಲ್ಲಿಗೆ ತಾಗಿಯೇ ಇರಲಿಲ್ಲ.

ಅವನು ಬಕೆಟ್ಟಿನ ನೀರು ಬದಲಾಯಿಸುವ ನೆಪದಲ್ಲಿ ತೊಟ್ಟಿಯ ಕಡೆ ನಡೆದ. ಹೆಂಡತಿ ಏಳು ವರ್ಷದವಳಿದ್ದಾಗ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು ಅದು. ಕೂಡಿಕೊಂಡಾಗ ಡೊಂಕಾಗಿ ಕೂಡಿತ್ತು. ಹೊಲಿಗೆ ಮಿಷನ್ನಿನ ಮುಂದೆ ಬಟ್ಟೆಯನ್ನು ಒತ್ತಿ ಹಿಡಿದಾಗ ಆ ಒಂದು ಬೆರಳು ಮೇಲೆದ್ದು ನಿಲ್ಲುತ್ತಿತ್ತು. ಎಷ್ಟು ಸೋಪು ಹಾಕಿದರೂ ಮಿಷನ್ ಎಣ್ಣೆಯ ವಾಸನೆ ಬಿಡದ ಕೈ.

ಅವಳು ವರ್ಕ್‌ಶಾಪಿಗೆ ಬಂದದ್ದು ಒಮ್ಮೆ ಮಾತ್ರ, ಎಂಟು ತಿಂಗಳ ಹಿಂದೆ. ಆ ಮಧ್ಯಾಹ್ನ ಅವನು ಮೂಲೆಮುರುಕನನ್ನು ಉಜ್ಜಿ ಮುಗಿಸಿದ್ದ. ಇದೇ ಕಲ್ಲು, ಇರುವವುಗಳಲ್ಲೆಲ್ಲ ದೊಡ್ಡದು, ಒಂದು ಮೂಲೆ ಹಾರಿಹೋಗಿದ್ದರಿಂದ ಆ ಹೆಸರು. ಎರಡೂವರೆ ಗಂಟೆಯ ಕೆಲಸ, ರಟ್ಟೆ ಬಿದ್ದುಹೋಗಿತ್ತು. ಬಾಗಿಲಲ್ಲಿ ಅವಳು, ಹೆಗಲಿಗೆ ಬ್ಯಾಗು. ಒಳಗೆ ಬಂದು, ಎಡಗೈಯನ್ನು ಮೆತ್ತಗೆ ಕಲ್ಲಿನ ಮೇಲೆ ಊರಿ ನಿಂತಳು.

"ಏ, ಕೈ ತೆಗಿ! ಕಣ್ಣು ಕಾಣಲ್ವಾ? ಗೋಡೆ ಮೇಲೆ ಬರ್ದಿರೋದು ಯಾರಿಗೆ?"

ಹತ್ತು ಮಕ್ಕಳು ತಿರುಗಿ ನೋಡಿದ್ದರು. ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡು ನಕ್ಕಿದ್ದಳು. "ನಿಮ್ಮ ಕಲ್ಲು ಸವೆದುಹೋಯ್ತೇನ್ರೀ?"

"ಏನು ಬಂದಿದ್ದು?"

"ಏನಿಲ್ಲ. ಈ ಕಡೆ ಬಂದಿದ್ದೆ, ಹಂಗೇ ನೋಡ್ಕೊಂಡು ಹೋಗೋಣ ಅಂತ."

ಅವಳು ಹೋದ ಮೇಲೆ, ನಾಳೆ ಇನ್ನೊಂದು ಸುತ್ತು ಉಜ್ಜಿದರಾಯಿತು ಎಂದು ಕಲ್ಲಿಗೆ ಕಾಗದ ಸುತ್ತಿ ಅವನು ಕೆಳಗಿನ ಗೂಡಿಗೆ ತಳ್ಳಿದ್ದ. ಅಂದು ಸಂಜೆ ಅವಳು ಅಡಿಗೆಮನೆಯಲ್ಲಿ ಬಿದ್ದಳು. ಆ ನಾಳೆ ಬರಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದದ್ದು ಮೂರು ತಿಂಗಳು. ಬಂದು ನೋಡಿದವರಿಗೆಲ್ಲ, ನರ್ಸುಗಳಿಗೂ, ಅದೇ ಕತೆ: "ನಮ್ಮೆಜಮಾನ್ರು ಕಲ್ಲು ಮುಟ್ಟಿದ್ದಕ್ಕೆ ಹೆಂಡ್ತೀನೇ ಬೈದ್ರು ಕಣಮ್ಮ. ನಾನು ಸವತಿ ಮೈ ಮುಟ್ಟಿದ್ನೇನೋ ಅನ್ನೋ ಹಂಗೆ!" ಅವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ.

ಎಲ್ಲ ಮುಗಿದು ವಾರವಾದ ಮೇಲೆ, ತಾಯಿಯ ಬ್ಯಾಗು ಖಾಲಿ ಮಾಡುತ್ತ ಮಗಳು ಒಂದು ಕವರು ತೆಗೆದು ಮೇಜಿನ ಮೇಲಿಟ್ಟಿದ್ದಳು.

"ಅಪ್ಪಾ, ಈ ರಿಪೋರ್ಟಿನ ತಾರೀಕು ನೋಡು. ಅಮ್ಮ ನಿನ್ನ ವರ್ಕ್‌ಶಾಪಿಗೆ ಬಂದಿದ್ದು ಅವತ್ತೇ ಅಲ್ವಾ? ಡಾಕ್ಟರ ಹತ್ರ ಹೋಗಿ ಸೀದಾ ನಿನ್ನ ಹತ್ರಾನೇ ಬಂದಿದ್ದಾಳೆ."

ಅವನು ಕವರನ್ನು ತಿರುಗಿಸಿ ತಿರುಗಿಸಿ ನೋಡಿದ್ದ. "ಊಟಕ್ಕೆ ಹಾಕು," ಎಂದಿದ್ದ.

"ಕಲ್ಲಣ್ಣ, ಮೇಡಂ ಬಂದ್ರು!" ಗಡ್ಡದ ಹುಡುಗ ತೊಟ್ಟಿಯತ್ತ ಕೂಗಿದ.

ಪ್ರೊಫೆಸರ್ ಮೇಡಂ ಕನ್ನಡಕ ಹಣೆಗೇರಿಸಿ ಕಲ್ಲನ್ನು ನೋಡಿದರು, ಆಮೇಲೆ ಪಿಸುಮಾತನ್ನು. "ಫೈನಲ್ ಇಯರ್, ನಾಡಿದ್ದು ಪರೀಕ್ಷೆ. ಮೊದಲನೇ ವಾರದ ಪಾಠ ಮರೆತ್ಯೇನಮ್ಮ?"

ಹುಡುಗಿಯ ಕಣ್ಣು ತುಂಬಿತು.

"ಅವಳ ತಪ್ಪಲ್ಲ ಮೇಡಂ," ಎಂದ ಅವನು. "ಕಲ್ಲು ಕೊಟ್ಟಿದ್ದು ನಾನು. ಬೇರೆ ಎಲ್ಲ ಖಾಲಿಯಾಗಿತ್ತು ಅಂತ ಕೆಳಗಡೆಯಿಂದ ತೆಗೆದುಕೊಟ್ಟೆ. ಇನ್ನೊಂದು ಸುತ್ತು ಉಜ್ಜಬೇಕಿತ್ತು. ಉಜ್ಜಿರಲಿಲ್ಲ."

"ನೀವಾ?" ಮೇಡಂ ಅವನನ್ನು ಒಂದು ಗಳಿಗೆ ನೋಡಿದರು. ಅವನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವನಿಂದ ಇಂಥ ಮಾತು ಕೇಳಿರಲಿಲ್ಲ. "ಸರಿ, ಹಾಗಾದ್ರೆ ಮಾರ್ಕ್ಸ್ ಹೋಗಲ್ಲ. ನೋಡಮ್ಮ, ಇಡೋದೂ ತೆಗೆಯೋದೂ ನಿನ್ನ ನಿರ್ಧಾರ. ಇಟ್ರೆ ಪರೀಕ್ಷಕರು ಯಾಕೆ ಅಂತ ಕೇಳ್ತಾರೆ, ಉತ್ತರ ಇರಬೇಕು. ತೆಗೆಯೋದಾದ್ರೆ ಮಧ್ಯಾಹ್ನ ಇವರು ಎಲ್ಲರ ಎದುರಿಗೆ ಮಾಡಿ ತೋರಿಸಲಿ. ಕಲ್ಲಿನ ಮೇಲಿಂದ ಒಂದು ಭಾಗ ಮಾತ್ರ ಅಳಿಸೋದನ್ನ ಈ ಬ್ಯಾಚಿನವರು ನೋಡಿಲ್ಲ."

ಊಟದ ಹೊತ್ತಿಗೆ ಎಲ್ಲರೂ ಹೋದರು. ಪಿಸುಮಾತು ಮಾತ್ರ ಉಳಿದಳು. ಎರಡು ಪ್ರೂಫ್‌ಗಳನ್ನು ದಾರಕ್ಕೆ ಸಿಕ್ಕಿಸಿ ಅವುಗಳ ಮುಂದೆ ನಿಂತಿದ್ದಳು. ಕಾಗದದ ಮೇಲೆ ಎಲ್ಲವೂ ತಿರುವುಮುರುವು. ಎಡಗೈ ಅಲ್ಲಿ ಬಲಗೈಯಾಗಿತ್ತು.

"ಅಣ್ಣ, ಕೆಟ್ಟದಾಗೇನೂ ಕಾಣ್ತಿಲ್ಲ ಅಲ್ವಾ? ಯಾರೋ ಗೋಡೆ ಹಿಡ್ಕೊಂಡು ನಿಂತ ಹಂಗಿದೆ."

ಅವನು ಸ್ಪಂಜನ್ನು ಬಕೆಟ್ಟಿನಲ್ಲಿ ಹಿಂಡಿದ.

"ಇದು ನಮ್ಮಜ್ಜಿ ಮಂಚ. ಅಜ್ಜಿ ಇದ್ದಾಗ ಅದರ ಮೇಲೆ ನಮ್ಮನ್ನೂ ಕೂರಿಸ್ತಿರಲಿಲ್ಲ. ಯಾರಾದ್ರೂ ಸುಸ್ತಾಗಿ ಕೈ ಊರಿದ್ರೆ, 'ಹೊರೆ ಇಳಿಸೋಕೆ ಇದೇ ಆಗ್ಬೇಕಿತ್ತಾ' ಅಂತಿದ್ರು." ಅವಳು ಮೂಗೊರೆಸಿಕೊಂಡಳು. "ನೀವೇ ಹೇಳಿ ಅಣ್ಣ. ನೀವು ಇಡು ಅಂದ್ರೆ ಇಡ್ತೀನಿ. ಪರೀಕ್ಷಕರಿಗೆ ಏನಾದ್ರೂ ಹೇಳ್ಕೊಂಡ್ರಾಯ್ತು."

ಒಂದೇ ಮಾತು ಸಾಕಿತ್ತು. ಅದು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ಮಂಚವನ್ನು ಹುಡುಗಿ ಮೂರು ವಾರ ಕೂತು ಬಿಡಿಸಿದ್ದನ್ನು ಅವನು ನೋಡಿದ್ದ. ದಿಂಬಿನ ತಗ್ಗನ್ನು ನಾಲ್ಕು ಸಲ ತಿದ್ದಿದ್ದಳು. ಅವಳ ಸತ್ತ ಅಜ್ಜಿಯ ಪಕ್ಕಕ್ಕೆ ತನ್ನ ಸತ್ತ ಹೆಂಡತಿಯನ್ನು ತಂದು ನಿಲ್ಲಿಸಲು ತಾನು ಯಾರು?

"ನಿನ್ನ ಚಿತ್ರ. ನಿನ್ನ ಇಷ್ಟ," ಎಂದ.

ಹುಡುಗಿ ಪ್ರೂಫ್‌ಗಳ ಕಡೆ ತಿರುಗಿದಳು. "ಹಾಗಾದ್ರೆ ತೆಗೆದುಬಿಡಿ ಅಣ್ಣ."

ಮಧ್ಯಾಹ್ನ ಹದಿನೈದು ಮಕ್ಕಳು ಕಲ್ಲಿನ ಸುತ್ತ ನಿಂತರು. ಅವನು ಬೆರಳುದ್ದದ ಸಾಣೆಕಡ್ಡಿಯನ್ನು ನೀರಿಗೆ ಅದ್ದಿದ.

"ಸುತ್ತ ಚಿತ್ರ ಇರುತ್ತೆ, ಅದಕ್ಕೆ ತಾಗಬಾರದು. ಹೊರಗಡೆಯಿಂದ ಒಳಗಡೆ ಬನ್ನಿ. ಒತ್ತಬೇಡಿ, ಒತ್ತಿದ್ರೆ ಗುಳಿ ಬೀಳುತ್ತೆ. ಕಡ್ಡಿ ತೂಕ ಕಡ್ಡಿದೇ ಸಾಕು." ಅವನ ದನಿ ಯಾವತ್ತಿನಂತೆಯೇ ಇತ್ತು.

ಮಣಿಕಟ್ಟಿನಿಂದ ಶುರುಮಾಡಿದ. ಅಂಗೈ ಬೂದು ನೀರಾಗಿ ಕರಗಿತು, ಸ್ಪಂಜಿನಿಂದ ಎತ್ತಿದ. ಹೆಬ್ಬೆರಳು ಹೋಯಿತು. ಆಮೇಲೆ ಉಳಿದ ಬೆರಳುಗಳು, ಒಂದೊಂದಾಗಿ. ಕಿರುಬೆರಳ ತುದಿಯ ಚುಕ್ಕೆಗೆ ಬಂದಾಗ ಕಡ್ಡಿ ನಿಂತಿತು.

"ಪೂರ್ತಿ ಹೋಗುತ್ತಾ ಅಣ್ಣ?" ಗಡ್ಡದ ಹುಡುಗ ಕೇಳಿದ.

"ಹೋಗುತ್ತೆ."

"ಮುಂದೆ ಯಾವತ್ತಾದ್ರೂ ಮತ್ತೆ ಬರಬಹುದಾ?"

"ಸರಿಯಾಗಿ ಮಾಡಿದ್ರೆ ಬರಲ್ಲ."

ಅವನು ಸರಿಯಾಗಿ ಮಾಡಿದ. ಗೋಂದು ಆಸಿಡ್ಡನ್ನು ಕುಂಚದಲ್ಲಿ ಆ ಜಾಗಕ್ಕಷ್ಟೇ ಹಚ್ಚಿ, ಬೀಸಣಿಗೆ ಬೀಸಿ ಒಣಗಿಸಿದ. ಮತ್ತೆ ನೀರು, ಮತ್ತೆ ಶಾಯಿ. ಕಿಟಕಿ ಬಂತು. ಮಂಚ ಬಂತು. ಗೋಡೆ ಬಿಳಿಯಾಗಿಯೇ ಉಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಎಲ್ಲರೂ ಚದುರಿದ ಮೇಲೆ ಅವನು ದಾರದ ಹತ್ತಿರ ಹೋದ. ಪ್ರೂಫ್‌ಗಳು ಇರಲಿಲ್ಲ.

"ಇಲ್ಲಿದ್ದ ಕಾಗದ ಎಲ್ಲಮ್ಮ?"

"ಅದ್ರಲ್ಲೇ ಶಾಯಿ ಹಲಗೆ ಒರೆಸ್ದೆ ಅಣ್ಣ. ಕೆಟ್ಟ ಪ್ರೂಫು ಬಿಸಾಡಬೇಡಿ, ಹಲಗೆ ಒರೆಸಿ ಅಂತ ನೀವೇ ಹೇಳಿದ್ರಲ್ಲ." ಪಿಸುಮಾತು ತೊಟ್ಟಿಯ ಕೆಳಗಿನ ಡಬ್ಬ ತೋರಿಸಿದಳು. ಕಪ್ಪಾಗಿ ಮುದುಡಿದ ಎರಡು ಉಂಡೆಗಳು. ಅವನು ಒಂದನ್ನು ಎತ್ತಿಕೊಂಡು ಬಿಡಿಸಿದ. ಎಣ್ಣೆ, ಶಾಯಿ, ಮತ್ತೇನೂ ಕಾಣಲಿಲ್ಲ.

"ಬೇಕಿತ್ತಾ ಅಣ್ಣ?"

"ಇಲ್ಲ. ಒಳ್ಳೇದೇ ಮಾಡಿದೆ."

ಹುಡುಗಿ ಬೆಳಗಿನಿಂದ ನಿಂತೇ ಇದ್ದಳು. ಈಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಆಸರೆಗೆಂದು ಕೈ ಚಾಚಿ, ಕಲ್ಲಿಗೆ ತಾಗುವ ಮೊದಲೇ ಬೆಚ್ಚಿ ಹಿಂದಕ್ಕೆಳೆದುಕೊಂಡಳು. ಅವನು ಗೋಡೆಯ ಬದಿಯ ಸ್ಟೂಲನ್ನು ಕಾಲಿನಿಂದ ಅವಳತ್ತ ಸರಿಸಿದ.

"ಕೂತ್ಕೊಳ್ಳಮ್ಮ. ಹತ್ತು ಪ್ರಿಂಟು ತೆಗೀಬೇಕು, ಇನ್ನೂ ಹೊತ್ತಿದೆ."

ಅವಳು ಕೂತಳು. ಅವನು ಸ್ಪಂಜು ಹಿಂಡಿ ಕಲ್ಲನ್ನು ಒದ್ದೆ ಮಾಡಿದ.

ಆ ಸ್ಟೂಲು ಅಂದೂ ಅಲ್ಲೇ ಇತ್ತು, ಹೆಂಡತಿ ಕಲ್ಲಿಗೆ ಕೈಯೂರಿ ನಿಂತ ಜಾಗದಿಂದ ಎರಡೇ ಅಡಿ ದೂರದಲ್ಲಿ. ಅವಳಿಗೆ ಅವನು ಕೂತ್ಕೋ ಎಂದು ಹೇಳಲಿಲ್ಲ.