ಹೊಗೆ ಬರೋ ಗಾಡಿ

"ಅಕ್ಕಾ, ನಿಮ್ಮ ಮಗನಿಗೆ ಬ್ಯಾಟರೀದೇ ಸಾಕು. ಇದು ಎಂಜಿನ್ ಗಾಡಿ. ಹೊಗೆ, ಎಣ್ಣೆ, ಗಲೀಜು," ಎನ್ನುತ್ತಾ ಮುರಳಿಕೃಷ್ಣ ಪೆಟ್ಟಿಗೆಯನ್ನು ಮತ್ತೆ ಮೇಲಿನ ಕಪಾಟಿಗೆ ಏರಿಸಹೊರಟ. ಆಲಸನತ್ತಂನಲ್ಲಿ ರಿಮೋಟಿನಿಂದ ಓಡಿಸುವ ಆಟದ ಗಾಡಿ ಮಾರುವ ಅಂಗಡಿ ಅವನದೊಂದೇ.

"ಮಗನಿಗಲ್ಲ ಕಣಪ್ಪ, ನಂಗೆ. ಕೆಳಗಿಡು," ಎಂದಳು ಚಂದ್ರಲೇಖಾ.

ಬೈಕ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಎಂಜಿನ್ ಪರೀಕ್ಷಿಸುವ ಕೆಲಸ ಅವಳದು. ಗಂಡ ಕುಮಾರೇಶ್ ಹೊಸ್ತಿಲಾಚೆಯೇ ನಿಂತಿದ್ದ. ಒಳಗೆ ಬಂದರೆ ತಾನೂ ಒಪ್ಪಿದಂತಾಗುತ್ತದೆಂಬ ಅಳುಕು ಅವನಿಗೆ.

ಮುರಳಿಕೃಷ್ಣ ಎರಡು ಗಾಡಿ ತಂದಿಟ್ಟ. ಒಂದು ದಪ್ಪ ಚಕ್ರದ್ದು, ಕಲ್ಲುಮಣ್ಣಿನ ಮೇಲೆ ಎತ್ತಿ ಒಗೆದರೂ ತಡೆಯುವಂಥದು. ಇನ್ನೊಂದು ತಗ್ಗಾದ, ಹಗುರವಾದ ರೇಸಿನ ಗಾಡಿ, ‘ಬಗ್ಗಿ’.

"ರೇಸಿಂದು ತಗೊಂಡ್ರೆ ವಾರವಾರ ಬಿಚ್ಚಿ ಜೋಡಿಸ್ಬೇಕು. ಗಂಡಸ್ರೇ ಬೇಜಾರಾಗಿ ಬಿಟ್ಬುಡ್ತಾರೆ."

"ಸ್ಟಾರ್ಟ್ ಮಾಡು, ಕೇಳಾಣ."

ಅದೇ ಮಾದರಿಯ ತನ್ನ ಹಳೇ ಬಗ್ಗಿಯನ್ನು ಅವನು ಅಂಗಡಿ ಮುಂದಿಟ್ಟು, ಇಂಧನ ಹುಯ್ದು ಸ್ಟಾರ್ಟರಿನ ಹಗ್ಗ ಎಳೆದ. ಎಂಜಿನ್ ಕಿವಿ ಸೀಳುವಂತೆ ಕಿರುಚಿತು.

"ಆಫ್ ಮಾಡು! ಹೊಗೇನೇ ಬತ್ತಿಲ್ಲ ನೋಡು. ಫ್ಯೂಯಲ್ ಸಾಲ್ದೆ ಕಾದೋಯ್ತೈತೆ." ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರ್ಬುರೇಟರಿನ ಸ್ಕ್ರೂವನ್ನು ತುಸು ಸಡಿಲಿಸಿದಳು. ಈ ಸಲ ಹತ್ತಿಸಿದಾಗ ತೆಳ್ಳಗೆ ನೀಲಿ ಹೊಗೆ ಎದ್ದಿತು, ಸದ್ದು ತುಂಬಿ ಬಂತು.

ಮುರಳಿಕೃಷ್ಣ ಗಲ್ಲಾದಿಂದ ಪುಸ್ತಕ ತೆಗೆದ. "ಬರೋ ಭಾನುವಾರ ರೇಸ್ ಐತೆ. ಹೆಸರು ಬರಕೊಳ್ಳಲಾ ಅಕ್ಕಾ?"

"ಬರಕೋ. ಚಂದ್ರಲೇಖಾ. ಪೂರ್ತಿ ಬರಿ."

ಕೊಂಡ ರೇಸಿನ ಬಗ್ಗಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಸ್ಕೂಟರಿನ ಹಿಂದೆ ಕೂತಳು. ಕುಮಾರೇಶ್ ತಿರುಗದೆಯೇ ಹೇಳಿದ: "ಮನೆ ಮುಂದೆ ಮಾತ್ರ ಓಡಿಸ್ಬ್ಯಾಡ. ಕೆರೆ ಕಡೆ ಹೋಗು. ಜನ ನಗ್ತಾರೆ."

"ನೀವು ಈ ವಯಸ್ನಲ್ಲಿ ಬೀದೀಲಿ ಕ್ರಿಕೆಟ್ ಆಡ್ತೀರಲ್ಲ, ನಿಮ್ಮನ್ನ ಯಾರು ಕೆರೆ ಕಡೆ ಕಳಿಸಿದ್ರು?"

ಹೊಸ ಎಂಜಿನ್ ರೇಸಿಗೆ ಮುಂಚೆ ಪಳಗಬೇಕಿತ್ತು. ಶನಿವಾರ ಮಧ್ಯಾಹ್ನ ಮತ್ತಿಗಿರಿಯ ತಮ್ಮ ಮನೆಯೆದುರಿನ ಖಾಲಿ ಸೈಟಿನಲ್ಲೇ ಅವಳು ಬಗ್ಗಿ ಇಳಿಸಿದಳು. ಅದು ಎರಡು ಸಲ ಹತ್ತಿ ಆರಿತು. ಎದುರು ಮನೆಯ ಮಹಡಿಯಿಂದ ಯಾರೋ, "ಅಕ್ಕಾ, ತಳ್ಳಿವಿಡುಂಗ!" ಎಂದು ತಮಿಳಿನಲ್ಲಿ ಕೂಗಿದರು, ತಳ್ಳಿಬಿಡಿ ಅಂತ. ಸುತ್ತ ನಗು. ಕುಮಾರೇಶ್ ಒಳಹೋಗಿ ಬಾಗಿಲು ಹಾಕಿಕೊಂಡ. ಅವಳ ಕಿವಿ ಬಿಸಿಯಾಯಿತು. ಆದರೂ ಮಂಡಿಯೂರಿ ಪ್ಲಗ್ ಬದಲಿಸಿ, ಮೂರನೇ ಸಲ ಹಗ್ಗ ಎಳೆದಳು. ಬಗ್ಗಿ ಹೊಗೆಯುಗುಳುತ್ತಾ, ಧೂಳೆಬ್ಬಿಸುತ್ತಾ ಓಡಿತು.

ಬಾಗಿಲು ತೆರೆದು ಅತ್ತೆ ಮುನಿಗಂಗಮ್ಮ ಹೊರಬಂದರು. ಮಹಡಿಯ ಮೇಲಿನವರು ಇಣುಕಿ ನೋಡಿದರು.

"ಅನ್ನಕ್ಕಿಡೋರು ಯಾರಮ್ಮಿ?"

"ನಿಮ್ಮ ಮಗ ಒಳಗವ್ರಲ್ಲ ಅತ್ತೆ," ಎಂದಳು ಚಂದ್ರಲೇಖಾ, ಬಗ್ಗಿಯಿಂದ ಕಣ್ಣು ತೆಗೆಯದೆ.

ಮುನಿಗಂಗಮ್ಮ ಸೊಸೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿಯ ದಾರಿಗೆ ಅಡ್ಡಲಾಗಿ ಸೈಟಿನಲ್ಲಿ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗದ ಬಳಿ ಹೋಗಿ, ಇನ್ನೂ ಆರದ ಸೀರೆಗಳನ್ನು ಒಂದೊಂದಾಗಿ ಹೆಗಲಿಗೆ ಹಾಕಿಕೊಂಡು, ಕಂಬಕ್ಕೆ ಬಿಗಿದಿದ್ದ ಗಂಟನ್ನು ಬಿಚ್ಚತೊಡಗಿದರು.