ತಲೆ ತಗ್ಗಿಸಿದವರು

"ಧಣೇರ ಮುಂದೆ ಮುಖ ಎತ್ಕಂಡು ನಿಂತ್ಕತೀಯೇನ್ಲಾ, ಬೋಳಿಮಗ್ನೆ? ಇಳಿಸು ತಲೇನ. ಆ ಸಿಪ್ರಿಯಾನೋನ ನೋಡಿ ಕಲ್ತ್ಕ. ಮರ್ವಾದೆ ಅಂದ್ರೆ ಅದು."

ಮೇಸ್ತ್ರಿ ರುಫೀನೋ, ಬೆಟ್ಟದೂರಿನಿಂದ ಹೊಸದಾಗಿ ಇಳಿದುಬಂದ ಆಳೊಬ್ಬನ ಕತ್ತು ಹಿಡಿದು ಬಗ್ಗಿಸುತ್ತ, ನನ್ನ ಗಂಡನ ಕಡೆಗೆ ಬೆರಳು ತೋರಿಸಿದ. ಸಿಪ್ರಿಯಾನೋ ಹುಲ್ಲಿನ ಟೋಪಿಯನ್ನು ಎದೆಗೆ ಒತ್ತಿಕೊಂಡು, ಗದ್ದವನ್ನು ಕತ್ತಿನೊಳಗೆ ಹುದುಗಿಸಿ ನಿಂತಿದ್ದ. ತೋಟದ ಧಣಿ ದೊನ್ ಎವಾರಿಸ್ತೋ ಕುದುರೆಯ ಮೇಲಿಂದಲೇ ಮೆಚ್ಚುಗೆಯ ನಗು ನಕ್ಕು ಮುಂದೆ ಹೋದರು.

ಅದು ಮರ್ಯಾದೆಯಾಗಿರಲಿಲ್ಲ. ಸಿಪ್ರಿಯಾನೋನಿಗೆ ಬಿಸಿಲು ಕಂಡರೆ ಕಣ್ಣಿಗೆ ಮೆಣಸಿನಪುಡಿ ಎರಚಿದಂತೆ ಉರಿಯುತ್ತಿತ್ತು. ಕಣ್ಣಿನ ಕಪ್ಪಿನ ಮೇಲೆ ಕೆಳಗಂಚಿನಿಂದ ಒಂದು ಬಿಳುಪು ನಿಧಾನವಾಗಿ ಏರುತ್ತ, ಈಗ ಪಾಪೆಯನ್ನು ಮುಟ್ಟಿತ್ತು. ಈ ತೋಟದಲ್ಲಿ ವರ್ಷಗಟ್ಟಲೆ ದುಡಿದವರೆಲ್ಲ ಹೀಗೆ ನೆಲ ನೋಡಿಕೊಂಡೇ ನಡೆಯುವವರು. ನಾವು ಆಳುಗಳಿರುವ ಲೈನು ಮನೆಗಳೂ ಕಾಫಿ ತೊಳೆಯುವ ತೊಟ್ಟಿಗಳೂ ತೊರೆಯ ದಡದಲ್ಲಿದ್ದವು. ಬಿಸಿಲೇರಿದೊಡನೆ ತೊರೆಯ ಕಡೆಯಿಂದ ಗೂನುಬೆನ್ನಿನ ಪುಟ್ಟ ನೊಣಗಳು ಬಂದು ಕತ್ತು, ಕಿವಿ, ನೆತ್ತಿಗಳಿಗೆ ಕಚ್ಚುತ್ತಿದ್ದವು. ನೊಣಕ್ಕೂ ಕಣ್ಣಿಗೂ ನಂಟಿದೆಯೆಂದು ನಮಗೆ ತಿಳಿದಿರಲಿಲ್ಲ. ಕೊಳೆತ ಕಾಫಿ ಸಿಪ್ಪೆಯ ಆವಿಯೇ ಕಣ್ಣು ತಿನ್ನುತ್ತದೆಂದು ನಂಬಿ, ಉರಿ ಹೆಚ್ಚಾದಾಗಲೆಲ್ಲ ತೊರೆಗೇ ಹೋಗಿ ಕಣ್ಣಿಗೆ ತಣ್ಣೀರು ಹಾಕಿಕೊಂಡು ಕೂರುತ್ತಿದ್ದೆವು.

ಸಿಪ್ರಿಯಾನೋ ಹಣ್ಣನ್ನು ಬೆರಳಿನಿಂದ ಗುರುತಿಸುತ್ತಿದ್ದ. ಮಾಗಿದ್ದು ಒತ್ತಿದರೆ ಸ್ವಲ್ಪ ಬಳುಕುತ್ತದೆ, ಕಾಯಿ ಬಳುಕುವುದಿಲ್ಲ. ತಪ್ಪಿ ಬಿದ್ದ ಕಾಯಿಗಳನ್ನು, ಉಳಿದವರು ರೊಟ್ಟಿ ತಿನ್ನುವಾಗ, ನಾನು ಅವನ ಬುಟ್ಟಿಯಿಂದ ಆರಿಸಿ ತೆಗೆಯುತ್ತಿದ್ದೆ. ಕಣ್ಣು ಹೋಯಿತೆಂದು ಗೊತ್ತಾದವರನ್ನು ಲೈನಿನಿಂದ ಹೊರಹಾಕುತ್ತಿದ್ದರು. ಬೆಟ್ಟದ ಮೇಲೆ ನಮಗಿದ್ದ ಮೆಕ್ಕೆಜೋಳದ ಹೊಲ ಯಾವಾಗಲೋ ಬೇರೆಯವರ ಪಾಲಾಗಿತ್ತು. ಹೊರಬಿದ್ದರೆ ಇಗರ್ಜಿಯ ಮೆಟ್ಟಿಲ ಮೇಲೆ ಭಿಕ್ಷೆಯೊಂದೇ ಗತಿ.

ಕೊಯ್ಲಿನ ನಡುವೆ ಗ್ವಾಟೆಮಾಲಾ ನಗರದಿಂದ ಡಾಕ್ಟರೊಬ್ಬರು ಧಣಿಯ ಅತಿಥಿಯಾಗಿ ಬಂದರು. ಧಣಿ ಅವರನ್ನು ತೊಟ್ಟಿಗಳ ಬಳಿಗೆ ಕರೆತಂದು, ತಮ್ಮ ಇಂದಿಯೋಗಳು, ಅಂದರೆ ಬೆಟ್ಟದ ಮೂಲದವರಾದ ನಾವು, ಎಂಥ ವಿನಯವಂತರೆಂದೂ, ಇದು ತಮ್ಮ ತಂದೆಯ ಕಾಲದಿಂದ ಪಳಗಿಸಿದ ಜಾತಿಯೆಂದೂ ಹೇಳಿಕೊಂಡರು. ಮಾದರಿಗೆಂದು ಸಿಪ್ರಿಯಾನೋನನ್ನು ಮುಂದಕ್ಕೆ ನಿಲ್ಲಿಸಲಾಯಿತು.

ಡಾಕ್ಟರು ಎರಡು ಬೆರಳುಗಳಿಂದ ಅವನ ಗದ್ದವನ್ನು ಎತ್ತಿದರು. ಬೆಳಕು ಬಿದ್ದೊಡನೆ ಅವನ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯಿತು. ಅವರು ಅವನ ಕೂದಲೊಳಗೆ ಬೆರಳಾಡಿಸಿ, ನೆತ್ತಿಯ ಮೇಲೆ ಎದ್ದಿದ್ದ ಗಂಟೊಂದನ್ನು ಒತ್ತಿ ನೋಡಿದರು.

"ಇದು ವಿನಯ ಅಲ್ಲ, ದೊನ್ ಎವಾರಿಸ್ತೋ. ಇವ್ರು ಕುರುಡಾಗ್ತಾ ಇದಾರೆ."

ಉಳಿದುದನ್ನು ಅವರು ಬಿಡಿಸಿ ಹೇಳಿದರು. ನೊಣ ಕಚ್ಚಿ ಬಿಟ್ಟ ಹುಳು ಗಂಟಿನೊಳಗೆ ನೂಲಿನಂತೆ ಸುತ್ತಿಕೊಂಡು ಬೆಳೆಯುತ್ತದೆ. ಅದರ ಮರಿಗಳು ಚರ್ಮದಡಿಯಲ್ಲಿ ಹರಿದಾಡುತ್ತ ಕಣ್ಣನ್ನು ಹೊಗುತ್ತವೆ. ಅವು ಅಲ್ಲಿ ಸತ್ತು ಸತ್ತು ಕಣ್ಣಿನ ಕಪ್ಪು ಬಿಳುಪಾಗುತ್ತದೆ. ಗಂಟುಗಳನ್ನು ಕೊಯ್ದು ತೆಗೆಸಬೇಕು, ಲೈನು ಮನೆಗಳನ್ನು ತೊರೆಯಿಂದ ದೂರ ಕಟ್ಟಿಸಬೇಕು, ಹಗಲಿನಲ್ಲಿ ಜನರನ್ನು ತೊರೆಯ ಬಳಿ ದುಡಿಸಬಾರದು.

"ತೊರೆ ಬಿಟ್ಟು ಕಾಫೀನ ನನ್ನ ಉಚ್ಚೇಲಿ ತೊಳೀಲಾ ಡಾಕ್ಟ್ರೇ?" ಎಂದು ಧಣಿ ನಕ್ಕು, ಅತಿಥಿಯನ್ನು ಊಟಕ್ಕೆ ಕರೆದೊಯ್ದರು.

ಮರುದಿನ ಡಾಕ್ಟರ ಕಾರು ಇಳಿಜಾರಿನಲ್ಲಿ ಮರೆಯಾದೊಡನೆ ರುಫೀನೋ ನಮ್ಮೆಲ್ಲರನ್ನೂ ತೊಟ್ಟಿಗಳ ಮುಂದೆ ಸಾಲಾಗಿ ನಿಲ್ಲಿಸಿದ.

"ಟೋಪಿ ತೆಗ್ದು ಮುಖ ಎತ್ರಿ ಎಲ್ಲಾರೂವೆ. ಕಣ್ಣು ಬೆಳ್ಳಗಾದೋರು ಇವತ್ತೇ ಲೈನು ಖಾಲಿ ಮಾಡ್ಬೇಕು. ಧಣೇರ ಅಪ್ಪಣೆ."

ಸಿಪ್ರಿಯಾನೋ ನನ್ನ ಮೊಣಕೈಯನ್ನು ಹುಡುಕಿ ಹಿಡಿದುಕೊಂಡ. "ತೋಮಾಸಾ, ನೀ ಎತ್ತು. ನಿನ್ ಕಣ್ಣು ಚಂದಾಗವೆ. ನೀನಾದ್ರೂ ಉಳ್ಕ."

"ಬಾಯ್ ಮುಚ್ಕಂಡು ನಿಂತ್ಕ," ಎಂದು ನಾನು ಗದ್ದವನ್ನು ಎದೆಗೆ ತಾಗಿಸಿದೆ.

ಸಾಲಿನಲ್ಲಿ ಯಾರ ಮುಖವೂ ಮೇಲೇಳಲಿಲ್ಲ. ಕಣ್ಣು ಹೋದವರು, ಹೋಗುತ್ತಿರುವವರು, ನನ್ನಂತೆ ಸರಿಯಾಗಿ ಕಾಣುವವರು ಎಲ್ಲರೂ ನೆಲ ನೋಡುತ್ತಿದ್ದೆವು.

"ಎತ್ರೋ, ಹಲ್ಕಾ ನನ್ಮಕ್ಳಾ. ಕಿವಿನೂ ಹೋಯ್ತಾ?"

"ಹೆಂಗೆ ಎತ್ತಾದು ಮೇಸ್ತ್ರೀ?" ಸಾಲಿನ ತುದಿಯಲ್ಲಿದ್ದ ಮುದುಕಿ ಚೋನಾ ತಣ್ಣಗೆ ಕೇಳಿದಳು. "ಧಣೇರ ಅಪ್ಪನ ಕಾಲದಿಂದ ಪಳಗ್ಸಿದ್ ಕತ್ತು."

ಯಾರೋ ಮೂಗಿನಲ್ಲಿ ನಕ್ಕರು. ರುಫೀನೋ ಮೊದಲನೆಯವನ ಕೂದಲು ಹಿಡಿದು ಮುಖವನ್ನು ಹಿಂದಕ್ಕೆ ಎಳೆದ. ಅವನು ರೆಪ್ಪೆಗಳನ್ನು ಬಿಗಿದುಕೊಂಡ. ಕೈಬಿಟ್ಟೊಡನೆ ತಲೆ ಮತ್ತೆ ಕೆಳಗೆ ಬಿತ್ತು. ಎರಡನೆಯವಳದೂ ಹಾಗೆಯೇ. ಆಮೇಲೆ ರುಫೀನೋ ಬೈಯುತ್ತ, ಬಂದೂಕು ತರಲೋ ಧಣಿಯನ್ನು ಕರೆತರಲೋ, ಬಂಗಲೆಯ ಕಡೆಗೆ ಏರಿಹೋದ.

ಬಿಸಿಲು ಏರಿತು. ತೊಟ್ಟಿಗಳಲ್ಲಿ ಹಣ್ಣು ಹುಳಿಯತೊಡಗಿತು. ತೊರೆಯ ಕಡೆಯಿಂದ ನೊಣಗಳು ಬಂದು ನಮ್ಮ ಬಗ್ಗಿದ ಕತ್ತುಗಳ ಮೇಲೆ ಇಳಿದವು. ಕೈ ಎತ್ತಿದರೆ ಮುಖವೂ ಎದ್ದೀತೆಂದು ಯಾರೂ ಕೈ ಎತ್ತಲಿಲ್ಲ. ಸಿಪ್ರಿಯಾನೋನ ಕಿವಿಯ ಹಿಂದೆ ಒಂದು ನೊಣ ಕೂತು, ರಕ್ತ ಹೀರುತ್ತ ಹೀರುತ್ತ ಉಬ್ಬುವುದನ್ನು ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ.