ಅನ್ನ ಬಿಟ್ಟ ಪಪ್ಪ

ಪಪ್ಪನ ಕಾಲಿನ ಹೆಬ್ಬೆರಳ ಹುಣ್ಣು ಮಾಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಾರದಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಫಳ್ನೀರಿನ ಡಾಕ್ಟರ್ ಚಿತ್ತರಂಜನ ಎಚ್ಚರಿಸಿ, ಏನನ್ನು ಎಷ್ಟು ಔನ್ಸ್ ತಿನ್ನಬೇಕೆಂದು ಬರೆದುಕೊಟ್ಟಿದ್ದರು.

ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಪಪ್ಪ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದೆಂತ ಐರಿನ್, ಊಟವಾ, ಪರೀಕ್ಷೆಯಾ?"

ನಾನು ಶಾಲೆಯಲ್ಲಿ ಭಿನ್ನರಾಶಿ ಕಲಿಸುವವಳು. ಎಂಥ ದಡ್ಡರ ತಲೆಗೂ ಹತ್ತಿಸಿದ್ದೇನೆ, ಪಪ್ಪನ ತಲೆಗೆ ಔನ್ಸ್ ಹತ್ತಲಿಲ್ಲ. ಸುಲಭ ಮಾಡಿ ಹೇಳಿ ಎಂದು ಡಾಕ್ಟರನ್ನೇ ಬೇಡಿಕೊಂಡೆ.

"ಹಾಗಾದ್ರೆ ಒಂದೇ ಮಾತು, ಫಿಲಿಪ್ ಅವರೇ. ಅನ್ನ ಬಿಡಿ."

ಪಪ್ಪ ಅಂದೇ ಬಿಟ್ಟರು. ಹುಟ್ಟಿದಾಗಿನಿಂದ ಗಂಜಿ ಉಂಡವರು ಅದರ ತಪಲೆಯ ಕಡೆಗೂ ನೋಡಲಿಲ್ಲ. ಇಗರ್ಜಿಯ ಅಂಗಳದಲ್ಲಿ ಕಂಡವರಿಗೆಲ್ಲ ಹೇಳಿಕೊಂಡರು. ಮದುವೆಯಾಗಿ ಕದ್ರಿಯಲ್ಲಿದ್ದ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ತಿಂಗಳು ಕಳೆದು ಹೋದಾಗ ಡಾಕ್ಟರು ಮೂತ್ರಕ್ಕೆ ನೀಲಿ ದ್ರಾವಣ ಸೇರಿಸಿ ಕಾಯಿಸಿದರು. ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಅದು ಪಪ್ಪನ ಕಾರ್ಖಾನೆಯ ಹಂಚಿನ ಬಣ್ಣಕ್ಕೆ ತಿರುಗಿತು.

"ಅನ್ನ ಬಿಡ್ಲಿಲ್ವಾ?"

"ಒಂದಗುಳು ಮುಟ್ಟಿಲ್ಲ. ಬೇಕಾದ್ರೆ ಗೆರ್ಟ್ರೂಡಳನ್ನು ಕೇಳಿ." ಪಪ್ಪ ಪಕ್ಕದಲ್ಲಿ ಕೂತಿದ್ದ ಮಮ್ಮಿಯ ಕಡೆ ಕೈ ತೋರಿಸಿದರು.

"ಮತ್ತೆ ಎಂತ ತಿಂತಾರಮ್ಮ?"

ಮಮ್ಮಿ ಹೆಮ್ಮೆಯಿಂದ ಹೇಳಿದಳು. "ಬೆಳಿಗ್ಗೆ ಸನ್ನ. ಮಧ್ಯಾಹ್ನ ನೀರುದೋಸೆ. ರಾತ್ರಿ ಶೇವಿಗೆ. ಪಾಪ, ಬರೇ ತಿಂಡಿಯಲ್ಲೇ ದಿನ ದೂಡ್ತಾ ಇದ್ದಾರೆ ಡಾಕ್ಟ್ರೇ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದೆಲ್ಲ ಎಂತದರಲ್ಲಿ ಮಾಡುದು?"

"ಅಕ್ಕಿಯಲ್ಲಿ. ಮತ್ತೆ ಎಂತದರಲ್ಲಿ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹೊಟ್ಟೆ ಬಿರಿಯುವಷ್ಟು ದೋಸೆ ತಿಂದರೂ ಗಂಜಿ ಇಳಿಯದೆ ಊಟವಾಯಿತು ಎನ್ನದ ಊರು ಇದು. ಇಲ್ಲಿ ಅನ್ನ ಬಿಡಿ ಎಂದರೆ ಜನ ಏನನ್ನು ಬಿಡುತ್ತಾರೆ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ಡಾಕ್ಟರಿಗೆ ತಿಳಿಯಬೇಡವೇ? ಅಕ್ಕಿ ಅರೆದದ್ದು ತನ್ನದೇ ಕೈ ಎಂದು ಮಮ್ಮಿಗೆ ಹೊಳೆಯಬೇಡವೇ?

ಆ ವಾರವೇ ಬೆರಳು ತೆಗೆದರು.

"ಅಕ್ಕಿ ಡಬ್ಬಕ್ಕೆ ಬೀಗ ಹಾಕಿ, ಅಷ್ಟೇ," ಎಂದರು ಡಾಕ್ಟರು ಮನೆಗೆ ಕಳಿಸುವಾಗ. ಈ ಮಾತು ಮೊದಲೇ ಅವರ ಬಾಯಿಗೆ ಬಂದಿದ್ದರೆ ಎಂದು ಮೈಯೆಲ್ಲ ಉರಿಯಿತು.

ಮನೆಯಲ್ಲಿ ಮಮ್ಮಿ ಮೊದಲ ಬಾರಿಗೆ ಚಪಾತಿ ಮಾಡಿದಳು. ಪಪ್ಪ ಮೀನಿನ ಸಾರಿನಲ್ಲಿ ನೆನೆಸಿ ನೆನೆಸಿ ಜಗಿದರು. ಮಮ್ಮಿಯ ಬಟ್ಟಲಿನಲ್ಲೂ ಅದೇ ಇತ್ತು.

"ನಿನಗೆಂತ ಕಾಯಿಲೆ? ನೀನು ಗಂಜಿ ಉಣ್ಣು."

ಮಮ್ಮಿ ತಲೆಯೆತ್ತಲಿಲ್ಲ. "ಅರೆದು ಅರೆದು ನಿಮ್ಮ ಬೆರಳು ತೆಗೆಸಿದ್ದು ನಾನು. ನನಗೂ ಬೇಡ."

ಪಪ್ಪ ತಮ್ಮ ಬಟ್ಟಲಿನ ಮೀನಿನ ನಡುತುಂಡನ್ನು ಎತ್ತಿ ಅವಳ ಬಟ್ಟಲಿಗೆ ಹಾಕಿದರು. ಇಬ್ಬರಿಗೂ ಬಯ್ಯಬೇಕೆಂದೇ ಬಂದಿದ್ದ ನಾನು ಇನ್ನೊಂದು ಚಪಾತಿ ಬಡಿಸಿದೆ.